ಪಾರ್ಟ್‌ಟೈಮ್ ಅನ್ನೋದು ಗಂಟೆಗೆ ಮಾತ್ರ

ಪ್ರಶ್ನೆ: ನಾನು ದಾವಣಗೆರೆ ಕಡೆಯವನು. ಈಗ ಟೆಕ್ಸಾಸ್‌ನ ಡಲ್ಲಾಸ್ ಹತ್ತಿರ ಇದ್ದೇನೆ, ಗ್ರೀನ್ ಕಾರ್ಡ್ ಇದೆ. ಎರಡೂವರೆ ವರ್ಷದಿಂದ ಪಾರ್ಸೆಲ್ ಸಾಗಿಸುವ ಯುಪಿಎಸ್ ಕಂಪನಿಯಲ್ಲಿ, ಡೆಲಿವರಿ ಗಾಡಿಗಳಿಗೆ ಪೆಟ್ಟಿಗೆ ತುಂಬುವ ಬೆಳಗಿನ ಜಾವದ ಪ್ರಿಲೋಡ್ ಶಿಫ್ಟ್‌ನಲ್ಲಿ ಪಾರ್ಟ್‌ಟೈಮ್ ಲೋಡರ್. ಅಲ್ಲಿನ ಕಾರ್ಮಿಕರ ಟೀಮ್‌ಸ್ಟರ್ಸ್ ಯೂನಿಯನ್ನಿನ ಸದಸ್ಯ. ಹಗಲು ಹೊತ್ತು ಕಾಲೇಜಿನಲ್ಲಿ ಅಕೌಂಟಿಂಗ್ ಓದುತ್ತಿದ್ದೇನೆ. ಹೋದ ವಾರ ಮ್ಯಾನೇಜರ್ ಕರೆದು, ಪಾರ್ಟ್‌ಟೈಮ್ ಸೂಪರ್‌ವೈಸರ್ ಆಗ್ತೀಯಾ ಅಂತ ಕೇಳಿದರು. ಹೆಂಡತಿ ಒಪ್ಪಿಕೊಳ್ಳಿ ಅಂತಾಳೆ. ಕಾಟನ್ ಮಿಲ್ಲಿನಲ್ಲಿ ದುಡಿದ ನಮ್ಮಪ್ಪ ಫೋನಿನಲ್ಲಿ 'ಬ್ಯಾಡಪ್ಪಾ' ಅಂತಾರೆ. ದಿನಕ್ಕೆ ನಾಲ್ಕೈದು ಗಂಟೆಯ ಕೆಲಸ ತಾನೇ, ಇದರಲ್ಲಿ ಕಳೆದುಕೊಳ್ಳೋದು ಏನಿದೆ?

ಉತ್ತರ: ತೊಡಕು ಇರೋದು ನಿಮ್ಮ ಕೊನೆಯ ಸಾಲಿನಲ್ಲೇ. 'ನಾಲ್ಕೈದು ಗಂಟೆಯ ಕೆಲಸ ತಾನೇ' ಅಂದಿದ್ದೀರಿ. ಪಾರ್ಟ್‌ಟೈಮ್ ಅನ್ನೋದು ಗಂಟೆಯ ಲೆಕ್ಕಕ್ಕೆ ಮಾತ್ರ. ಸೂಪರ್‌ವೈಸರ್ ಅನ್ನೋದು ಅರ್ಧಂಬರ್ಧ ಇರುವುದಿಲ್ಲ. ದಿನಕ್ಕೆ ನಾಲ್ಕೇ ಗಂಟೆ ಬಂದು ಹೋದರೂ ನೀವು ಪೂರ್ತಿ ಕಂಪನಿ ಕಡೆಯವರು. ಕಾನೂನಿಗೂ ಹಾಗೇ, ಯೂನಿಯನ್ನಿಗೂ ಹಾಗೇ, ಇವತ್ತು ನಿಮ್ಮ ಪಕ್ಕದಲ್ಲಿ ನಿಂತು ಲೋಡ್ ಮಾಡುತ್ತಿರುವವರಿಗಂತೂ ಹಾಗೇ.

ನಿಮ್ಮ ಅಪ್ಪನಿಂದ ಶುರು ಮಾಡುತ್ತೇನೆ. ಮಿಲ್ಲಿನಲ್ಲಿ ಅವರು ಜಾಬರ್‌ಗಳನ್ನು ನೋಡಿರುತ್ತಾರೆ. ಜಾಬರ್ ಅಂದರೆ ಮೇಸ್ತ್ರಿಯೂ ಹೌದು, ಕೆಲಸಗಾರನೂ ಹೌದು. ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ. ನಮ್ಮ ದೇಶದ ಕಾನೂನಿನಲ್ಲಿ ಆ ಎರಡು ಕಾಲಿಗೂ ಜಾಗ ಇತ್ತು. ಮೇಲ್ವಿಚಾರಣೆ ಮಾಡುವವನ ಸಂಬಳ ಒಂದು ಮಿತಿಯೊಳಗೆ ಇದ್ದರೆ ಅವನೂ ಕಾರ್ಮಿಕನೇ. ಆ ಮಿತಿ ಮೊದಲು ತಿಂಗಳಿಗೆ 500 ರೂಪಾಯಿ ಇತ್ತು. ಆಮೇಲೆ 1,600 ಆಯಿತು, 2010ರಲ್ಲಿ 10,000 ಆಯಿತು. ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ 18,000. ಹೆಸರಿಗೆ ಸೂಪರ್‌ವೈಸರ್ ಆಗಿದ್ದು ದಿನವೆಲ್ಲ ಕೈಕೆಲಸವನ್ನೇ ಮಾಡುತ್ತಿದ್ದರೆ, ಅವನ ಮುಖ್ಯ ಕೆಲಸ ಯಾವುದು ಅಂತ ಕೋರ್ಟು ನೋಡುತ್ತದೆ, ಹುದ್ದೆಯ ಹೆಸರನ್ನಲ್ಲ.

ಅಮೆರಿಕದಲ್ಲಿ ಈ ಸಂಬಳದ ಮಿತಿ ಇಲ್ಲ. ನಮ್ಮ ಕೈಗಾರಿಕಾ ವಿವಾದಗಳ ಕಾಯ್ದೆ ಬಂದ ವರ್ಷವೇ, 1947ರಲ್ಲಿ, ಇಲ್ಲಿ ಟ್ಯಾಫ್ಟ್-ಹಾರ್ಟ್ಲಿ ಕಾಯ್ದೆ ಬಂತು. ಸೂಪರ್‌ವೈಸರ್‌ಗಳಿಗೆ ಕಾರ್ಮಿಕ ಕಾನೂನಿನ ರಕ್ಷಣೆ ಇಲ್ಲ ಅಂತ ಅದು ಸೀದಾ ಬರೆದುಬಿಟ್ಟಿತು. ಬೇರೆಯವರಿಗೆ ಕೆಲಸ ಹಂಚುವ, ಶಿಸ್ತು ಕ್ರಮ ಕೈಗೊಳ್ಳುವ, ಕೆಲಸಕ್ಕೆ ತೆಗೆದುಕೊಳ್ಳುವ ಅಥವಾ ತೆಗೆಯುವ ಅಧಿಕಾರ ಇದ್ದು, ಅದನ್ನು ಸ್ವಂತ ವಿವೇಚನೆಯಿಂದ ಬಳಸಿದರೆ ನೀವು ಸೂಪರ್‌ವೈಸರ್. ಗಂಟೆಗೆ ಇಪ್ಪತ್ತೈದು ಡಾಲರ್ ಬಂದರೂ ಅಷ್ಟೇ, ಇನ್ನೂರು ಬಂದರೂ ಅಷ್ಟೇ.

ಇಲ್ಲಿ ಒಂದು ಸಣ್ಣ ಅಡ್ಡದಾರಿ. ವಾರಕ್ಕೆ ಒಂದೆರಡು ದಿನ ಮಾತ್ರ ಮೇಲ್ವಿಚಾರಣೆ ಮಾಡುವವರ ಕಥೆ ಏನು? ಈ ಪ್ರಶ್ನೆ ಆಸ್ಪತ್ರೆಯೊಂದರ ಚಾರ್ಜ್ ನರ್ಸ್‌ಗಳ, ಅಂದರೆ ಶಿಫ್ಟಿನ ಉಸ್ತುವಾರಿ ನೋಡುವ ನರ್ಸ್‌ಗಳ ವಿಷಯದಲ್ಲಿ ಬಂತು. ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಮಂಡಳಿ 2006ರಲ್ಲಿ ಓಕ್‌ವುಡ್ ಹೆಲ್ತ್‌ಕೇರ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಕೆಲಸದ ಹೊತ್ತಿನಲ್ಲಿ ಶೇಕಡಾ 10ರಿಂದ 15ರಷ್ಟು, ಅದೂ ಒಂದು ಕ್ರಮದಲ್ಲಿ, ಮೇಲ್ವಿಚಾರಣೆ ಮಾಡಿದರೂ ಸಾಕು, ಅವರು ಸೂಪರ್‌ವೈಸರ್ ಎಂದಿತು. ಅವತ್ತವತ್ತಿಗೆ ಯಾರೋ ಒಬ್ಬರು ಅಂತ ಸರದಿಯಲ್ಲಿ ಮಾಡುತ್ತಿದ್ದ ನರ್ಸ್‌ಗಳು ಕಾರ್ಮಿಕರಾಗಿಯೇ ಉಳಿದರು. ಕಾಯಂ ಚಾರ್ಜ್ ನರ್ಸ್‌ಗಳು ಆಚೆ ಹೋದರು. ನಿಮ್ಮ ವಿಷಯದಲ್ಲಿ ಇಷ್ಟು ಸೂಕ್ಷ್ಮಕ್ಕೆ ಹೋಗುವ ಅಗತ್ಯವೇ ಇಲ್ಲ. ಯುಪಿಎಸ್‌ನಲ್ಲಿ ಪಾರ್ಟ್‌ಟೈಮ್ ಸೂಪರ್‌ವೈಸರ್ ಮ್ಯಾನೇಜ್‌ಮೆಂಟ್ ಹುದ್ದೆ. ಯೂನಿಯನ್ ಒಪ್ಪಂದದ ಹೊರಗೆ.

ಈಗ ನನ್ನದೇ ಒಂದು ಅನುಭವ. ನಾನು ಬೇರೆ ಕಡೆ, ದಿನಸಿ ಸಾಮಾನಿನ ಒಂದು ಗೋದಾಮಿನಲ್ಲಿ, ಐದು ವರ್ಷ ಯೂನಿಯನ್ನಿನಲ್ಲಿದ್ದೆ. ಅದರಲ್ಲಿ ಎರಡು ವರ್ಷ ಸ್ಟೂವರ್ಡ್, ಅಂದರೆ ಕೆಲಸದ ಜಾಗದಲ್ಲಿ ಯೂನಿಯನ್ನಿನ ಪ್ರತಿನಿಧಿ. ಆಮೇಲೆ ಸೂಪರ್‌ವೈಸರ್ ಆದೆ. ಎರಡನೇ ವಾರ ಇರಬೇಕು. ಟೊಮ್ಯಾಟೊ ಡಬ್ಬಗಳ ಪೆಟ್ಟಿಗೆ ಬೆಲ್ಟಿನ ತಿರುವಿನಲ್ಲಿ ಅಡ್ಡ ಸಿಕ್ಕಿಕೊಂಡಿತು. ಹಿಂದಿನ ಪೆಟ್ಟಿಗೆಗಳು ಒಂದರ ಮೇಲೊಂದು ಹತ್ತಿದವು. ಒಂದು ಒಡೆದು ಕೆಂಪು ರಸ ನೆಲಕ್ಕೆ ಸುರಿಯಿತು. ಐದು ವರ್ಷದ ಅಭ್ಯಾಸ ನೋಡಿ, ಕೈ ತಾನೇ ಹೋಯಿತು. ಸಿಕ್ಕಿಕೊಂಡಿದ್ದನ್ನು ಬಿಡಿಸಿದೆ. ಅಷ್ಟಕ್ಕೇ ಬಿಡಬೇಕಿತ್ತು. ಬಿಡಲಿಲ್ಲ, ಹಿಂದಿನ ಹತ್ತು ಹನ್ನೆರಡು ಪೆಟ್ಟಿಗೆಯನ್ನೂ ಎತ್ತಿ ಪ್ಯಾಲೆಟ್ಟಿಗೆ ಜೋಡಿಸಿದೆ. ತಿರುಗಿ ನೋಡಿದರೆ ನನ್ನ ಹಳೆಯ ಜೊತೆಗಾರ ಗೋಡೆಯ ಗಡಿಯಾರ ನೋಡುತ್ತಾ ಜೇಬಿನಿಂದ ಪೆನ್ನು ತೆಗೆಯುತ್ತಿದ್ದ. ಎಂಟು ನಿಮಿಷ ಅಂತ ಬರೆದುಕೊಂಡ. ಮಧ್ಯಾಹ್ನದ ಹೊತ್ತಿಗೆ ಗ್ರೀವನ್ಸ್ ಬಂತು, ಅಂದರೆ ಸೂಪರ್‌ವೈಸರ್ ಕಾರ್ಮಿಕರ ಕೆಲಸ ಮಾಡಿದ ಅಂತ ಯೂನಿಯನ್ ಕಡೆಯ ದೂರು. ಕ್ಯಾಂಟೀನಿನಲ್ಲಿ ಸಿಕ್ಕಾಗ ಕೇಳಿದೆ, ಯಾಕಪ್ಪಾ ಹೀಗೆ ಮಾಡಿದೆ ಅಂತ. 'ನಿನ್ನ ಮೇಲೆ ಸಿಟ್ಟಿಲ್ಲ. ಆ ಡಬ್ಬ ಮಾತ್ರ ನನ್ನದು' ಅಂದ. ಹೋದ ವರ್ಷ ಇದ್ದ ಸೂಪರ್‌ವೈಸರ್ ಮೇಲೆ ಅಂಥದ್ದೇ ಅರ್ಜಿಯನ್ನು ನಾನೇ ಬರೆದಿದ್ದೆ, ಇದೇ ಮನುಷ್ಯನ ಪರವಾಗಿ.

ನಿಮ್ಮ ಕಟ್ಟಡದಲ್ಲಿ ಈ ನಿಯಮ ಇನ್ನೂ ಬಿಗಿ. ಟೀಮ್‌ಸ್ಟರ್ಸ್ ಜೊತೆಗಿನ ರಾಷ್ಟ್ರೀಯ ಒಪ್ಪಂದದ 3ನೇ ವಿಧಿಯ 7ನೇ ಸೆಕ್ಷನ್ ಓದಿ. ಯೂನಿಯನ್ ಕೆಲಸವನ್ನು ಸೂಪರ್‌ವೈಸರ್ ಮಾಡಬಾರದು. ಕಲಿಸಿಕೊಡುವುದು, ನಿಜವಾದ ತುರ್ತು ಸಂದರ್ಭ, ಇಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಮಾಡಿದ್ದು ಸಾಬೀತಾದರೆ ಅಷ್ಟು ಹೊತ್ತಿಗೆ ಡಬಲ್ ಸಂಬಳ ಆ ಕೆಲಸ ತಪ್ಪಿದ ಕಾರ್ಮಿಕನಿಗೆ ಹೋಗುತ್ತದೆ. ಪಾರ್ಟ್‌ಟೈಮ್ ಕೆಲಸಗಾರರಿಗೆ ದಿನಕ್ಕೆ ಮೂರೂವರೆ ಗಂಟೆ ಮಾತ್ರ ಗ್ಯಾರಂಟಿ ಅನ್ನೋದು ನಿಮಗೇ ಗೊತ್ತು. ಅದರ ಮೇಲಿನ ಅರ್ಧ ಗಂಟೆಯೂ ಅವರಿಗೆ ದುಡ್ಡು. ನೀವು ಸುಮ್ನೆ ಸಹಾಯ ಅಂತ ಎತ್ತುವ ಪೆಟ್ಟಿಗೆ ಇನ್ನೊಬ್ಬರ ಪೇಚೆಕ್‌ನಿಂದ ಬಂದದ್ದು.

ಕಷ್ಟ ಏನೆಂದರೆ, ಮೇಲಿನವರು ಅದನ್ನೇ ಬಯಸುತ್ತಾರೆ. ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರು ರಜೆ ಹಾಕಿದ್ದಾರೆ, ಬೆಲ್ಟ್ ತುಂಬಿದೆ, ಡ್ರೈವರ್‌ಗಳು ಕಾಯುತ್ತಿದ್ದಾರೆ. ಮ್ಯಾನೇಜರ್ ಬಂದು 'ಹೇಗಾದರೂ ಮುಗಿಸು' ಅಂದು ಹೋಗುತ್ತಾರೆ. ಹೇಗಾದರೂ ಅಂದರೆ ಏನು ಅಂತ ಬಿಡಿಸಿ ಹೇಳುವುದಿಲ್ಲ. ಎತ್ತಿದರೆ ಗ್ರೀವನ್ಸ್, ಎತ್ತದಿದ್ದರೆ ಬೈಗುಳ. ಈ ಹುದ್ದೆಯ ಅರ್ಧ ಆಯಾಸ ಇಲ್ಲೇ ಇದೆ, ಮೈಯಿಗಲ್ಲ, ಮನಸ್ಸಿಗೆ. ಇಂಥ ಹೊತ್ತಿನಲ್ಲಿ ಮಾಡಬೇಕಾದ್ದು ಒಂದೇ. 'ನನಗೆ ಇನ್ನಿಬ್ಬರು ಜನ ಬೇಕು' ಅಂತ ಮ್ಯಾನೇಜರ್‌ಗೆ ಮೆಸೇಜ್ ಹಾಕಿ, ಸಮಯ ಸಮೇತ. ಬೆಲ್ಟ್ ನಿಲ್ಲಿಸಬೇಕಾದರೆ ನಿಲ್ಲಿಸಿ. ಮೊದಲ ತಿಂಗಳು ಕೈ ಹಿಂದೆ ಕಟ್ಟಿಕೊಂಡು ನಿಲ್ಲೋದನ್ನು ಕಲಿಯಿರಿ. ತಮಾಷೆಗೆ ಹೇಳುತ್ತಿಲ್ಲ, ನಾನು ಹಾಗೇ ನಿಲ್ಲುತ್ತಿದ್ದೆ.

ಇನ್ನು ಕಳೆದುಕೊಳ್ಳುವುದು. ಮೊದಲನೆಯದು ಸೀನಿಯಾರಿಟಿ. ಎರಡೂವರೆ ವರ್ಷ ಏನು ಮಹಾ ಅನ್ನಿಸಬಹುದು. ಯುಪಿಎಸ್‌ನಲ್ಲಿ ಲೋಡರ್‌ಗೆ ಇರುವ ಒಳ್ಳೆಯ ದಾರಿ ಡ್ರೈವರ್ ಆಗುವುದು. ಆ ಕಂದು ಗಾಡಿಯ ಸೀಟು ಸಿಗೋದು ಸೀನಿಯಾರಿಟಿ ಪ್ರಕಾರ, ಪಟ್ಟಿಗೆ ಸಹಿ ಹಾಕಿದವರ ಸಾಲಿನಲ್ಲಿ. ಸೀಟು ಸಿಕ್ಕ ಮೇಲೆ ನಾಲ್ಕು ವರ್ಷಕ್ಕೆ ಪೂರ್ತಿ ದರ. 2023ರ ಒಪ್ಪಂದ ಮುಗಿಯುವ ಹೊತ್ತಿಗೆ ಪೂರ್ಣಾವಧಿ ಡ್ರೈವರ್‌ಗಳ ಆ ದರ ಸರಾಸರಿ ಗಂಟೆಗೆ 49 ಡಾಲರ್ ಆಗುತ್ತದೆ ಅಂತ ಟೀಮ್‌ಸ್ಟರ್ಸ್ ಹೇಳಿತ್ತು. ಪಾರ್ಟ್‌ಟೈಮ್ ಸೂಪರ್‌ವೈಸರ್ ಆದ ದಿನ ನೀವು ಆ ಸಾಲಿನಿಂದ ಆಚೆ ಬಂದಂತೆ. ವಾಪಸ್ ಬರಬಹುದಾ, ಎಷ್ಟು ದಿನದೊಳಗೆ, ಹಳೆಯ ಸರ್ವೀಸ್ ಸಿಗುತ್ತಾ ಅನ್ನೋದೆಲ್ಲ ನಿಮ್ಮ ವಲಯದ ಸಪ್ಲಿಮೆಂಟ್, ಅಂದರೆ ರಾಷ್ಟ್ರೀಯ ಒಪ್ಪಂದಕ್ಕೆ ಪೂರಕವಾದ ಒಪ್ಪಂದದ ಮೇಲೆ ನಿಂತಿರುತ್ತದೆ. ಊರಿನಿಂದ ಊರಿಗೆ ಬದಲಾಗುತ್ತದೆ. ಮ್ಯಾನೇಜರ್ 'ಇಷ್ಟ ಆಗದಿದ್ದರೆ ವಾಪಸ್ ಬಾ, ಏನಂತೆ' ಅಂದರೆ ಆ ಮಾತಿಗೆ ಬೆಲೆ ಇಲ್ಲ. ಅವರು ಸುಳ್ಳುಗಾರರು ಅಂತಲ್ಲ, ಯೂನಿಯನ್ ಪಟ್ಟಿ ಅವರ ಕೈಯಲ್ಲಿಲ್ಲ.

ಎರಡನೆಯದು, ನಿಮ್ಮನ್ನು ಕೆಲಸದಿಂದ ತೆಗೆಯೋದು ಎಷ್ಟು ಸುಲಭ ಅನ್ನೋದು. ಇವತ್ತು ನಿಮ್ಮನ್ನು ತೆಗೆಯಬೇಕಾದರೆ ಸರಿಯಾದ ಕಾರಣ ತೋರಿಸಬೇಕು, ಸ್ಟೂವರ್ಡ್ ಇರಬೇಕು, ಗ್ರೀವನ್ಸ್ ಹಂತಗಳಿವೆ. ನಾಳೆ ನೀವು ಟೆಕ್ಸಾಸ್‌ನ ಒಬ್ಬ ಮಾಮೂಲಿ ನೌಕರ. ಕಾರಣ ಹೇಳದೆಯೇ ಕಳಿಸಬಹುದು. ಜನಾಂಗ, ಬಣ್ಣ, ಲಿಂಗ, ವಯಸ್ಸು ಅಂತ ಭೇದ ಮಾಡಿದರೆ ಅದಕ್ಕೆ ಬೇರೆ ಕಾನೂನಿದೆ. ಅದು ಬಿಟ್ಟರೆ ಹಿಂದೆ ನಿಲ್ಲುವವರು ಯಾರೂ ಇಲ್ಲ. 2024ರ ಜನವರಿಯಲ್ಲಿ ಯುಪಿಎಸ್ 12,000 ಹುದ್ದೆ ಕಡಿತ ಅಂತ ಪ್ರಕಟಿಸಿತು. ಅದರಲ್ಲಿ ಹೊಡೆತ ಬಿದ್ದಿದ್ದು ಮ್ಯಾನೇಜ್‌ಮೆಂಟಿನವರಿಗೆ ಮತ್ತು ಗುತ್ತಿಗೆಯವರಿಗೆ. ಪೂರ್ಣಾವಧಿ, ಪಾರ್ಟ್‌ಟೈಮ್ ಎರಡೂ. ಅದಕ್ಕೆ ಕೆಲವೇ ತಿಂಗಳ ಹಿಂದೆ ಯೂನಿಯನ್ ಸದಸ್ಯರು ಒಳ್ಳೆಯ ಒಪ್ಪಂದ ಮಾಡಿಕೊಂಡಿದ್ದರು. ಆಮೇಲೆ ಯೂನಿಯನ್ ಕೆಲಸಗಳಿಗೂ ಕತ್ತರಿ ಬಿತ್ತು, ಕಟ್ಟಡಗಳು ಮುಚ್ಚಿದವು, ನಿಜ. ಆದರೆ ಅಲ್ಲಿ ಯಾರು ಮೊದಲು, ಯಾರು ಕೊನೆಗೆ ಅನ್ನೋದಕ್ಕೆ ಸೀನಿಯಾರಿಟಿ ಪಟ್ಟಿ ಇರುತ್ತದೆ. ಮ್ಯಾನೇಜ್‌ಮೆಂಟಿನಲ್ಲಿ ಅಂಥ ಪಟ್ಟಿ ಇಲ್ಲ.

ದುಡ್ಡಿನ ಲೆಕ್ಕವನ್ನು ನಿಮ್ಮ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ. ಅಕೌಂಟಿಂಗ್ ಓದುವವರಿಗೆ ನಾನು ಹೇಳಿಕೊಡಬೇಕಾ! 2023ರ ಒಪ್ಪಂದದಲ್ಲಿ ಪಾರ್ಟ್‌ಟೈಮ್ ಯೂನಿಯನ್ ಕೆಲಸದ ಆರಂಭದ ದರವೇ ಗಂಟೆಗೆ 21 ಡಾಲರ್ ಆಯಿತು. ಹಾಗಾಗಿ ಲೋಡರ್‌ಗೂ ಸೂಪರ್‌ವೈಸರ್‌ಗೂ ಇದ್ದ ಅಂತರ ಮೊದಲಿನಷ್ಟು ದೊಡ್ಡದಾಗಿ ಕಾಣುವುದಿಲ್ಲ. ಕೊಡುತ್ತೇವೆ ಅನ್ನುವ ವಾರದ ಸಂಬಳವನ್ನು ಕಾಗದದ ಮೇಲಿನ ಗಂಟೆಗಳಿಂದ ಭಾಗಿಸಬೇಡಿ. ಶಿಫ್ಟಿಗೆ ಮೊದಲಿನ ಮೀಟಿಂಗು, ಕೊನೆಯ ರಿಪೋರ್ಟು, ಬಾರದವರಿಗೆ ಮಾಡುವ ಫೋನು, ನವೆಂಬರ್ ಡಿಸೆಂಬರಿನ ಪೀಕ್, ಇವೆಲ್ಲ ಸೇರಿಸಿ ನಿಜವಾಗಿ ಕಟ್ಟಡದೊಳಗೆ ಕಳೆಯುವ ಗಂಟೆಗಳಿಂದ ಭಾಗಿಸಿ. ಈಗಿರುವ ಸೂಪರ್‌ವೈಸರ್‌ಗಳಲ್ಲಿ ಇಬ್ಬರನ್ನು ಕೇಳಿದರೆ ಆ ಸಂಖ್ಯೆ ಸಿಗುತ್ತದೆ. ಯೂನಿಯನ್ನಿನ ಪಾರ್ಟ್‌ಟೈಮಿನವರಿಗೆ ಆರೋಗ್ಯ ವಿಮೆಗೆ ಪ್ರೀಮಿಯಂ ಹಿಡಿಯುವುದಿಲ್ಲ. ಕಂಪನಿಯ ಪ್ಲಾನಿಗೆ ತಿಂಗಳಿಗೆ ಎಷ್ಟು ಹಿಡಿಯುತ್ತಾರೆ ಅಂತ ಕೇಳಿ, ಕಳೆಯಿರಿ. ಯೂನಿಯನ್ ಚಂದಾ ಉಳಿಯುತ್ತದೆ, ತಿಂಗಳಿಗೆ ಎರಡೂವರೆ ಗಂಟೆಯ ಸಂಬಳದಷ್ಟು. ಅದನ್ನು ಕೂಡಿಸಿ. ಪಿಂಚಣಿಯ ವಿಷಯವನ್ನು ಯಾರೂ ತಾವಾಗಿ ಎತ್ತುವುದಿಲ್ಲ. ಯೂನಿಯನ್ನಿನ ಹೊರಗಿರುವವರಿಗೆ ಯುಪಿಎಸ್ 2023ರ ಆರಂಭದಿಂದ ಹಳೆಯ ಪಿಂಚಣಿಯ ಬೆಳವಣಿಗೆಯನ್ನು ನಿಲ್ಲಿಸಿದೆ. ಅವರಿಗೆ ಈಗ 401ಕೆ ಎಂಬ ನಿವೃತ್ತಿ ಉಳಿತಾಯ ಖಾತೆ ಮಾತ್ರ.

ಮೂರನೆಯದು ಮುಷ್ಕರ. ನಿಮ್ಮ ಅಪ್ಪ 'ಬ್ಯಾಡಪ್ಪಾ' ಅಂದಿದ್ದು ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು ಅಂತ ನನ್ನ ಊಹೆ. 1997ರ ಆಗಸ್ಟ್‌ನಲ್ಲಿ ಸುಮಾರು 1,85,000 ಯುಪಿಎಸ್ ಕಾರ್ಮಿಕರು ಹದಿನೈದು ದಿನ ಹೊರಗೆ ನಿಂತರು. ಆಗಿನ ಮುಖ್ಯ ಜಗಳವೇ ಪಾರ್ಟ್‌ಟೈಮ್ ಕೆಲಸದ್ದು. 10,000 ಹೊಸ ಪೂರ್ಣಾವಧಿ ಕೆಲಸಗಳನ್ನು ಗೆದ್ದುಕೊಂಡೇ ಒಳಗೆ ಬಂದರು. ಆ ಹದಿನೈದು ದಿನ ಒಳಗಿದ್ದು ಪೆಟ್ಟಿಗೆ ಎತ್ತಿದವರು, ಗಾಡಿ ಓಡಿಸಿದವರು ಸೂಪರ್‌ವೈಸರ್‌ಗಳು, ಮ್ಯಾನೇಜರ್‌ಗಳು. ಗೇಟಿನಲ್ಲಿ ನಿಂತವರ ಮುಂದೆಯೇ ಕಾರು ಓಡಿಸಿಕೊಂಡು ಒಳಗೆ ಹೋಗಬೇಕು. ಈಗಿನ ಒಪ್ಪಂದ 2028ರ ಜುಲೈ 31ಕ್ಕೆ ಮುಗಿಯುತ್ತದೆ. ಆಗ ಮುಷ್ಕರ ಆಗಲೇಬೇಕು ಅಂತೇನಿಲ್ಲ, 2023ರಲ್ಲಿ ಕೊನೆಯ ಗಳಿಗೆಯಲ್ಲಿ ತಪ್ಪಿತು. ಆದರೆ ಅವತ್ತು ಗೇಟಿನ ಯಾವ ಕಡೆ ಇರುತ್ತೀರಿ ಅಂತ ಈಗಲೇ ಮನೆಯಲ್ಲಿ ಮಾತಾಡಿಕೊಳ್ಳಿ. ಸೂಪರ್‌ವೈಸರ್ ಆಗಿದ್ದುಕೊಂಡು ಮುಷ್ಕರಕ್ಕೆ ಬೆಂಬಲ ಅಂತ ಮನೆಯಲ್ಲಿ ಕೂತರೆ ಕಾನೂನು ನಿಮ್ಮನ್ನು ಕಾಯುವುದಿಲ್ಲ.

ಇಷ್ಟೆಲ್ಲ ಓದಿ ನಾನು ಬೇಡ ಅನ್ನುತ್ತಿದ್ದೇನೆ ಅಂದುಕೊಳ್ಳಬೇಡಿ. ಯುಪಿಎಸ್‌ನಲ್ಲಿ ಒಳಗಿನವರನ್ನೇ ಮೇಲೆ ತರುವ ಪದ್ಧತಿ ನಿಜವಾಗಿಯೂ ಇದೆ. 2014ರಿಂದ 2020ರವರೆಗೆ ಸಿಇಒ ಆಗಿದ್ದ ಡೇವಿಡ್ ಆಬ್ನಿ 1974ರಲ್ಲಿ ಮಿಸಿಸಿಪ್ಪಿಯ ಒಂದು ಸಣ್ಣ ಊರಿನಲ್ಲಿ ಕಾಲೇಜು ಓದುತ್ತಾ ಪಾರ್ಟ್‌ಟೈಮ್ ಲೋಡರ್ ಆಗಿದ್ದವರು. ಎಲ್ಲರೂ ಆಬ್ನಿ ಆಗಲ್ಲ, ಸರಿ. ಆದರೆ ಇಪ್ಪತ್ತು ಜನರನ್ನು ನಡೆಸಿದ ಅನುಭವ, ಅದೂ ಪ್ರತಿಯೊಂದು ಮಾತಿಗೂ ಕೈಯಲ್ಲಿ ಒಪ್ಪಂದದ ಪುಸ್ತಕ ಹಿಡಿದುಕೊಳ್ಳುವ ಇಪ್ಪತ್ತು ಜನರನ್ನು, ರೆಸ್ಯೂಮೆಯಲ್ಲಿ ತೂಕದ ಮಾತು. ಅಕೌಂಟಿಂಗ್ ಮುಗಿಸಿ ಬೇರೆ ಕಂಪನಿಗೆ ಹೋಗುವ ಯೋಚನೆ ಇದ್ದರೆ ನಿಮ್ಮ ಸೀನಿಯಾರಿಟಿಗೆ ಹೇಗೂ ಎರಡು ವರ್ಷದಲ್ಲಿ ಬೆಲೆ ಇರಲ್ಲ. ಆಗ ಈ ಹುದ್ದೆ ಲಾಭವೇ, ತಗೊಳ್ಳಿ. ಡ್ರೈವರ್ ಆಗೋ ಆಸೆ ಮನಸ್ಸಿನ ಮೂಲೆಯಲ್ಲಿ ಒಂದಿಷ್ಟು ಇದ್ದರೂ ತಗೊಳ್ಳಬೇಡಿ. ಏನೂ ತೀರ್ಮಾನ ಆಗಿಲ್ಲ ಅಂದರೆ ಕಾಯಿರಿ. ಆ ಕಡೆ ದಾಟೋದು ಯಾವತ್ತೂ ಸುಲಭ, ಈ ಕಡೆ ವಾಪಸ್ ಬರೋದು ಹಾಗಲ್ಲ. ಪಾರ್ಟ್‌ಟೈಮ್ ಸೂಪರ್‌ವೈಸರ್ ಜಾಗ ಖಾಲಿಯಾಗೋದು ಅಪರೂಪವೂ ಅಲ್ಲ, ಮತ್ತೆ ಕೇಳುತ್ತಾರೆ.

ಒಪ್ಪಿಕೊಂಡರೆ ನಾಲಿಗೆಯ ಮೇಲೆ ಹಿಡಿತ ಬೇಕು. ಇಲ್ಲಿಯವರೆಗೆ ನೀವು ಬ್ರೇಕ್‌ನಲ್ಲಿ ಆಡಿದ್ದು ನಿಮ್ಮ ಮಾತು. ಇನ್ನು ಮುಂದೆ ಅದು ಕಂಪನಿಯ ಮಾತು. 'ಹೋದ ವಾರದ ಯೂನಿಯನ್ ಮೀಟಿಂಗಿಗೆ ಯಾರ್ಯಾರು ಹೋಗಿದ್ದರು?' ಅಂತ ಹಳೆಯ ಸಲುಗೆಯಲ್ಲಿ ಕೇಳಿದರೂ ಅದು ವಿಚಾರಣೆ ಅನ್ನಿಸಿಕೊಳ್ಳಬಹುದು. ಬೆದರಿಸಬೇಡಿ, ಕೆದಕಬೇಡಿ, ಆಸೆ ತೋರಿಸಬೇಡಿ, ಕದ್ದು ನೋಡಬೇಡಿ. ಹೊಸ ಸೂಪರ್‌ವೈಸರ್‌ಗಳಿಗೆ ಇಲ್ಲಿ ಹೇಳಿಕೊಡುವ ಮೊದಲ ಪಾಠವೇ ಈ ನಾಲ್ಕು.

ಸ್ಟೂವರ್ಡ್ ವಿಷಯವೂ ಹಾಗೇ. 1970ರ ದಶಕದ ಆರಂಭದಲ್ಲಿ ಟೆಕ್ಸಾಸ್‌ನಲ್ಲೇ, ವೈನ್‌ಗಾರ್ಟನ್ ಅನ್ನುವ ಅಂಗಡಿಯ ಊಟದ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದ ಮಹಿಳೆಯೊಬ್ಬರ ಮೇಲೆ, ಒಂದು ಡಾಲರ್ ಕೊಟ್ಟು ಜಾಸ್ತಿ ಬೆಲೆಯ ಕೋಳಿಯ ಡಬ್ಬಿ ತಗೊಂಡಿದ್ದಾರೆ ಅನ್ನೋ ಅನುಮಾನ ಬಂತು. ಒಳಗೆ ಕೂರಿಸಿ ಪ್ರಶ್ನೆ ಮಾಡಿದರು. ಯೂನಿಯನ್ನಿನವರನ್ನು ಕರೆಸಿ ಅಂತ ಅವರು ಕೇಳುತ್ತಲೇ ಇದ್ದರು, ಕರೆಸಲಿಲ್ಲ. ಚಿಕ್ಕ ಡಬ್ಬಿ ಮುಗಿದಿತ್ತು, ಅದಕ್ಕೇ ದೊಡ್ಡದರಲ್ಲಿ ಹಾಕಿಕೊಂಡೆ ಅಂದಿದ್ದು ನಿಜವೇ ಆಗಿತ್ತು. 1975ರಲ್ಲಿ ಸುಪ್ರೀಂ ಕೋರ್ಟಿನಿಂದ ವೈನ್‌ಗಾರ್ಟನ್ ಹಕ್ಕು ಬಂದದ್ದು ಹೀಗೆ. ಶಿಸ್ತು ಕ್ರಮ ಆಗಬಹುದು ಅನ್ನೋ ವಿಚಾರಣೆಯಲ್ಲಿ ಕಾರ್ಮಿಕ 'ನನಗೆ ಸ್ಟೂವರ್ಡ್ ಬೇಕು' ಅಂದ ಕ್ಷಣ ನೀವು ಪ್ರಶ್ನೆ ನಿಲ್ಲಿಸಬೇಕು. ಕಾಯಿರಿ, ಇಲ್ಲವೇ ಮಾತುಕತೆ ಅಲ್ಲಿಗೇ ಬಿಡಿ. ನಿಮ್ಮನ್ನೇ ಯಾರಾದರೂ ಒಳಗೆ ಕೂರಿಸಿ ಕೇಳಿದಾಗ ಮಾತ್ರ ನಿಮಗೆ ಆ ಹಕ್ಕು ಇರುವುದಿಲ್ಲ.

ಜೊತೆಗಾರರ ವಿಷಯದಲ್ಲಿ ನನ್ನ ಸಲಹೆ, ಸಾಧ್ಯವಾದರೆ ಬೇರೆ ಶಿಫ್ಟ್ ಅಥವಾ ಬೇರೆ ಬೆಲ್ಟ್ ಕೇಳಿ. ಮೊನ್ನೆಯವರೆಗೆ ಜೊತೆಯಲ್ಲಿ ಚಹಾ ಕುಡಿದವನಿಗೆ ತಡವಾಗಿ ಬಂದೆ ಅಂತ ವಾರ್ನಿಂಗ್ ಕೊಡೋದು ಇಬ್ಬರಿಗೂ ಹಿಂಸೆ. ಕೇಳಿದ್ದು ಸಿಗದೆ ಹೋದರೆ ಮೊದಲ ದಿನವೇ ನಿಮ್ಮ ಸ್ಟೂವರ್ಡ್ ಹತ್ತಿರ ನೀವೇ ಹೋಗಿ ಹೇಳಿ. ಬೇರೆಯವರ ಬಾಯಿಂದ ಅವರಿಗೆ ಗೊತ್ತಾಗೋದು ಬೇಡ.

ಸಹಿ ಹಾಕುವ ಮೊದಲು ಸಂಬಳ, ವಾರದ ಗಂಟೆ, ವಿಮೆಯ ಕಡಿತ, ಯಾವ ಶಿಫ್ಟ್ ಅನ್ನೋದನ್ನು ಈಮೇಲ್‌ನಲ್ಲಿ ತರಿಸಿಕೊಳ್ಳಿ. ಕಾಲೇಜಿನ ಫೀಸಿಗೆ ಕಂಪನಿಯ ನೆರವು ಪಡೆಯುತ್ತಿದ್ದರೆ ಹುದ್ದೆ ಬದಲಾದ ಮೇಲೂ ಅದು ಮುಂದುವರಿಯುತ್ತಾ ಅಂತ ಸೇರಿಸಿ ಕೇಳಿ. ಆಮೇಲೆ ಯೂನಿಯನ್ನಿನ ಸ್ಥಳೀಯ ಶಾಖೆಯ ಆಫೀಸಿಗೆ ಹೋಗಿ ವಿತ್‌ಡ್ರಾಯಲ್ ಕಾರ್ಡ್, ಅಂದರೆ ಬಾಕಿ ಇಲ್ಲದೆ ಯೂನಿಯನ್ನಿನಿಂದ ಹೊರಗೆ ಬಂದಿದ್ದೀರಿ ಅನ್ನುವ ಚೀಟಿ ಬರೆಸಿಕೊಳ್ಳಿ. ಬಹಳ ಜನ ಇದನ್ನು ಮರೆಯುತ್ತಾರೆ. ಅದಿಲ್ಲದಿದ್ದರೆ ಚಂದಾ ಬಾಕಿ ಬೆಳೆಯುತ್ತಾ ಹೋಗಬಹುದು. ಮುಂದೆ ಯಾವಾಗಲಾದರೂ ಟೀಮ್‌ಸ್ಟರ್ಸ್ ಇರುವ ಕೆಲಸಕ್ಕೆ ಸೇರಿದರೆ ಪ್ರವೇಶ ಶುಲ್ಕವನ್ನು ಮತ್ತೆ ಮೊದಲಿನಿಂದ ಕಟ್ಟಬೇಕಾಗಬಹುದು.

ಇದಕ್ಕೆಲ್ಲ ಮೊದಲು ಸಪ್ಲಿಮೆಂಟ್ ಪುಸ್ತಕ ಓದಬೇಕು. ನಾಳೆ ಶಿಫ್ಟ್ ಮುಗಿದ ಮೇಲೆ ಸ್ಟೂವರ್ಡ್ ಹತ್ತಿರ ಒಂದು ಪ್ರತಿ ಕೇಳಿ. ಯಾಕೆ ಅಂತ ಅವರು ಕೇಳಬಹುದು, ಇದ್ದದ್ದು ಇದ್ದಂತೆ ಹೇಳಿ. ಮ್ಯಾನೇಜ್‌ಮೆಂಟಿಗೆ ಹೋದವರು ವಾಪಸ್ ಬರುವ ವಿಷಯ ಸಾಮಾನ್ಯವಾಗಿ ಸೀನಿಯಾರಿಟಿ ಅನ್ನುವ ವಿಧಿಯಲ್ಲೇ ಇರುತ್ತದೆ. ಆ ಪುಟದ ಫೋಟೋ ತೆಗೆದು ನನಗೆ ಕಳಿಸಿ, ಓದಿ ಹೇಳುತ್ತೇನೆ.